ವ್ರತದಮ್ಮನ ಮನೆ ಮುಂದೆ ಹತ್ತು ನಿಮಿಷ

ಹಾಸನ
೩೦ ಜುಲೈ ೧೯೬೫

ಅಕ್ಕನಿಗೆ ಅಭಯನ ನಮಸ್ಕಾರ.

ನಾನೂ ಅನಂತಮ್ಮನೂ ಚೆನ್ನಾಗಿದ್ದೇವೆ. ಎರಡು ತಿಂಗಳಿಂದ ಕಾಗದವಿಲ್ಲ ಅಂತ ನೀನು ಬೈಯುತ್ತಿರುತ್ತೀಯ. ಬೈದು ಮುಗಿದ ಮೇಲೆ ಮುಂದಕ್ಕೆ ಓದು.

ಬಸ್ ಸ್ಟ್ಯಾಂಡಿನ ಎದುರು ನಮ್ಮ ಲಾಡ್ಜು ಶುರುವಾಯಿತು. ಮೇಲೆ ಎಂಟು ರೂಮು, ಕೆಳಗೆ ಊಟದ ಹಾಲ್. ಚನ್ನರಾಯಪಟ್ಟಣದ ದೇವರಾಜು ಪಾಲುದಾರ. ಅವನ ಎರಡು ವ್ಯಾನುಗಳಿವೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬೇಲೂರು, ಹಳೇಬೀಡು, ಮಧ್ಯಾಹ್ನಕ್ಕೆ ನಮ್ಮ ಬೆಳಗೊಳ, ದೀಪ ಹಚ್ಚುವ ಹೊತ್ತಿಗೆ ವಾಪಸು ಹಾಸನ. ಎಲ್ಲಕ್ಕೂ ಒಂದೇ ಟಿಕೀಟು. ಇಷ್ಟು ದಿನ ಹಾಸನ ಅಂದರೆ ಜನ ಬಸ್ಸು ಬದಲಾಯಿಸುವ ಊರಾಗಿತ್ತು. ಈಗ ಒಂದು ರಾತ್ರಿ ನಿಲ್ಲುತ್ತಾರೆ, ಉಣ್ಣುತ್ತಾರೆ, ಪೇಟೆಯಲ್ಲಿ ನಾಲ್ಕು ಸಾಮಾನು ಕೊಳ್ಳುತ್ತಾರೆ. ಪುರಸಭೆಯವರ ಬಾಯಲ್ಲೂ ಈಗ ಪ್ರವಾಸಿಗಳ ಮಾತೇ. ಇನ್ನು ಒಂದೂವರೆ ವರ್ಷಕ್ಕೆ ಮಹಾಮಸ್ತಕಾಭಿಷೇಕ ಬೇರೆ.

ಕೊರತೆ ಇರುವುದು ಅಡುಗೆಯದು. ಉತ್ತರದ ಕಡೆಯಿಂದ ಬರುವ ನಮ್ಮ ಜೈನರು ಮೊದಲು ಕೇಳುವುದೇ ನೀರು ಸೋಸಿದ್ದೋ ಅಲ್ಲವೋ ಅಂತ. ನೀನು ಬಂದು ಅಡುಗೆಮನೆಯ ಯಜಮಾನಿಕೆ ವಹಿಸಿಕೋ. ನಿನಗೇ ಒಂದು ರೂಮು, ತಿಂಗಳ ಸಂಬಳ. ಆ ಮನೆಯಲ್ಲಿ ಒಬ್ಬಳೇ ಕೂತು ಯಾರ ದಾರಿ ಕಾಯುತ್ತೀಯ?

ನಿನ್ನ ತಮ್ಮ
ಅಭಯಕುಮಾರ


ಶ್ರವಣಬೆಳಗೊಳ
೮ ಆಗಸ್ಟ್ ೧೯೬೫

ಅಭಯನಿಗೆ ಅಕ್ಕನ ಆಶೀರ್ವಾದ.

ನಿನ್ನ ಬೆಣ್ಣೆ ಮಾತಿಗೆ ಕಾಗದವೇ ಜಿಡ್ಡಾಗಿತ್ತು. ಸಂಬಳ ಕೊಡುತ್ತೀಯಂತೆ! ಹತ್ತು ವರ್ಷದ ನಿನ್ನನ್ನು ಅಪ್ಪ ಅಮ್ಮ ನನ್ನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದಾಗ ಯಾರೂ ಸಂಬಳದ ಮಾತು ಎತ್ತಿರಲಿಲ್ಲ.

ಯಾರ ದಾರಿ ಕಾಯುತ್ತೀಯ ಅಂದೆಯಲ್ಲ, ಕೇಳು. ಅಜ್ಜನ ಕಾಲದಿಂದ ಸಾಂಗ್ಲಿ, ಬೆಳಗಾವಿಯ ಮನೆತನದವರು ಮುಂಚೆಯೇ ಕಾರ್ಡು ಬರೆದು ನಮ್ಮ ಪಡಸಾಲೆಗೆ ಬಂದು ಇಳಿಯುತ್ತಿದ್ದರು. ಹೊತ್ತು ಮುಳುಗುವ ಮುಂಚೆ ನಮ್ಮ ಜೊತೆ ಉಂಡು, ನಾಲ್ಕು ದಿನ ಇದ್ದು, ಹೋಗುವಾಗ ಅತ್ತು ಹೋಗುತ್ತಿದ್ದರು. ಈ ವರ್ಷ ಬಂದದ್ದು ಎರಡೇ ಕಾರ್ಡು. ಮಿಕ್ಕವರು ನಿನ್ನ ವ್ಯಾನಿನಲ್ಲಿ ಬಂದು, ಬೆಟ್ಟ ಹತ್ತಿ ಇಳಿದು, ಸೋಡಾ ಕುಡಿದು ಓಡುತ್ತಾರೆ. ಸ್ವಾಮಿಯ ಮುಖ ನೋಡಿದರೋ ಕೈಗಡಿಯಾರ ನೋಡಿದರೋ ಅವನಿಗೇ ಗೊತ್ತು. ಚನ್ನರಾಯಪಟ್ಟಣದಿಂದ ಯಾತ್ರಿಕರನ್ನು ಕರೆತರುತ್ತಿದ್ದ ನಮ್ಮ ಜಟಕಾ ಕೆಂಪಣ್ಣ ಮೊನ್ನೆ ಬಂದು ಗೋಳಾಡಿದ: "ಕುದ್ರೆ ಪಕ್ಕ ನಿಂತ್ಕಂಡು ಫೋಟೋ ಇಡಿಸ್ಕತಾರೆ ಕಣವ್ವಾ, ಒಬ್ರೂ ಗಾಡಿ ಅತ್ತಾಕಿಲ್ಲ."

ನಾನು ಬರುವುದಿಲ್ಲ. ನಿನ್ನ ಮೇಲಿನ ಕೋಪದಿಂದ ಅಂತ ತಿಳಿಯಬೇಡ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಈ ಮನೆಗೆ ಬಂದವಳು, ಹದಿನಾರು ವರ್ಷದಿಂದ ಚನ್ನರಾಯಪಟ್ಟಣದ ಆಚೆ ಕಂಡಿಲ್ಲ. ಹಾಸನದ ರಸ್ತೆಯಲ್ಲಿ ಒಬ್ಬಳೇ ನಡೆಯುವುದನ್ನು ನೆನೆದರೆ ಭಯವಾಗುತ್ತದೆ. ನಿಜ ಹೇಳಿದರೆ, ನೆನೆದು ಸಂತೋಷವೂ ಆಗುತ್ತದೆ. ಅದಕ್ಕೇ ಇನ್ನಷ್ಟು ಭಯ. ಮತ್ತೆ ಕೇಳಬೇಡ.

ಅಕ್ಕ
ರಾಜೀಮತಿ


ಹಾಸನ
೩ ಅಕ್ಟೋಬರ್ ೧೯೬೫

ಅಕ್ಕನಿಗೆ ನಮಸ್ಕಾರ.

ಯುದ್ಧದ ಗಲಾಟೆಯಲ್ಲಿ ವ್ಯಾನುಗಳಿಗೆ ಪೆಟ್ರೋಲು ಸಿಗದೆ ಒದ್ದಾಡಿದೆವು. ಈಗ ಪರವಾಗಿಲ್ಲ.

ನೀನು ಬೇಡ ಅಂದದ್ದನ್ನು ಅನಂತಮ್ಮನಿಗೆ ಓದಿ ಹೇಳಿದೆ. "ಅದು ಬೇಡ ಅಲ್ಲ, ಬೇಕು ಅಂತ ಬರೆದಿದ್ದಾರೆ ಅಕ್ಕ" ಎಂದಳು. ಹೆಂಗಸರ ಮನಸ್ಸು ಹೆಂಗಸರಿಗೇ ಗೊತ್ತು. ಅದನ್ನು ನಂಬಿ ಬೋರ್ಡು ಬರೆಸಿಬಿಟ್ಟೆ: 'ಬೆಳಗೊಳದ ರಾಜೀಮತಿ ಅಕ್ಕನವರ ಅಡುಗೆ. ಸೋಸಿದ ನೀರು.' ಹಳದಿ ಮೇಲೆ ಕೆಂಪು ಅಕ್ಷರ, ಬಸ್ಸಿನಿಂದ ಇಳಿಯುತ್ತಲೇ ಕಾಣುತ್ತದೆ. ದೇವರಾಜು ಎರಡು ಸಲ ನಿಂತು ನೋಡಿದ.

ದೀಪಾವಳಿ ಕಳೆದ ಮೇಲೆ ನಾನೇ ವ್ಯಾನು ತರುತ್ತೇನೆ. ನಿನ್ನ ಪಾತ್ರೆ ಪಡಗ ಕಟ್ಟಿಟ್ಟಿರು. ಬಾಗಿಲಿಗೆ ಬಂದ ತಮ್ಮನನ್ನು ಬರಿಗೈಯಲ್ಲಿ ಕಳಿಸುವವಳಲ್ಲ ನೀನು.

ಅಭಯ


ಶ್ರವಣಬೆಳಗೊಳ
೨೭ ಅಕ್ಟೋಬರ್ ೧೯೬೫

ಅಭಯ,

ವ್ಯಾನು ತರಬೇಡ.

ಈ ಸಲ ನಮ್ಮೂರಿನಲ್ಲಿ ಚಾತುರ್ಮಾಸ ಕೂತಿದ್ದ ಮುನಿಗಳು ದೀಪಾವಳಿಯ ನಿರ್ವಾಣದ ದಿನ ಬೆಳಿಗ್ಗೆ, ಯಾರು ಯಾವ ವ್ರತ ಹಿಡಿಯುತ್ತೀರಿ ಎಂದು ಕೇಳಿದರು. ಒಬ್ಬರು ಹಸಿ ತರಕಾರಿ ಬಿಟ್ಟರು, ಜಿನ್ನಪ್ಪನವರು ನಶ್ಯ ಬಿಟ್ಟರು. ನನ್ನ ತಲೆಯಲ್ಲಿ ಇದ್ದದ್ದು ನಿನ್ನ ಹಳದಿ ಬೋರ್ಡು. ಎದ್ದು ನಿಂತು ದಿಗ್ವ್ರತ ಕೇಳಿದೆ. ಹಾಸನದ ನೀರು ಕುಡಿದು ಮರೆತಿದ್ದರೆ ಹೇಳುತ್ತೇನೆ: ನಾಲ್ಕು ದಿಕ್ಕಿಗೂ ಒಂದೊಂದು ಎಲ್ಲೆ ಹೇಳಿ, ಅದರಾಚೆ ಕಾಲಿಡುವುದಿಲ್ಲ ಎನ್ನುವ ವ್ರತ. ನನ್ನ ಪಡುವಣ ಎಲ್ಲೆ ಚನ್ನರಾಯಪಟ್ಟಣ.

ಮುನಿಗಳು ಒಳ್ಳೆಯವರು. "ಒಂದು ವರ್ಷಕ್ಕೆ ಹಿಡಿ ತಾಯಿ, ಆಮೇಲೆ ನೋಡೋಣ" ಎಂದರು. ಒಂದು ವರ್ಷ ಅಂದರೆ ಮುಂದಿನ ದೀಪಾವಳಿಗೆ ನೀನು ಮತ್ತೆ ಬಾಗಿಲಿಗೆ ಬರುತ್ತೀಯ. ಸುತ್ತ ಕೂತಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಬದುಕಿರುವ ತನಕ" ಅಂದುಬಿಟ್ಟೆ. ಚಕ್ರೇಶ್ವರಿ ಅಜ್ಜಿ ಅಲ್ಲೇ ಎದ್ದು ನನಗೆ ಕೈ ಮುಗಿದಳು. ಎಂಬತ್ತು ವರ್ಷದವಳು, ನನಗೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬಂದು ಒಲೆ ಹಚ್ಚುವಾಗ, ಅಂದದ್ದು ಎಷ್ಟು ದೊಡ್ಡದು ಅಂತ ತಿಳಿಯಿತು. ಬೋರ್ಡು ಒರೆಸಿಬಿಡು.

ರಾಜೀಮತಿ


ಹಾಸನ
೧೪ ಫೆಬ್ರವರಿ ೧೯೬೬

ಅಕ್ಕ,

ಮೂರು ತಿಂಗಳು ನಿನಗೆ ಬರೆಯುವ ಮನಸ್ಸಾಗಲಿಲ್ಲ. ಬೋರ್ಡು ಒರೆಸಿದೆ. ಅಡುಗೆಗೆ ಅರಕಲಗೂಡಿನವನೊಬ್ಬ ಸಿಕ್ಕಿದ್ದಾನೆ, ಸಾರಿಗೆ ನೀರೇ ಜಾಸ್ತಿ.

ಈಗ ಹೊಸ ತಲೆನೋವು. ಬೆಂಗಳೂರಿನ ಕಂಪನಿಯೊಂದು ನಮ್ಮದೇ ದಾರಿಗೆ ಎರಡು ದೊಡ್ಡ ಬಸ್ಸು ಬಿಟ್ಟಿದೆ. ಮೆತ್ತನೆ ಸೀಟು, ಒಳಗೆ ಮೈಕು. ಅವರು ಹಾಸನದಲ್ಲಿ ರಾತ್ರಿ ನಿಲ್ಲುವುದೇ ಇಲ್ಲ, ಬೆಂಗಳೂರಿನಿಂದ ಬೆಂಗಳೂರಿಗೆ. ಜಟಕಾದವರ ಅನ್ನ ಕಿತ್ತೆವು ಅಂತ ನೀನು ಬೈದೆಯಲ್ಲ, ಈಗ ನಮ್ಮದನ್ನು ಕೀಳುವವರು ಬಂದರು. ಅವರು ತೋರಿಸದೆ ಇರುವುದು ಏನಾದರೂ ನಾವು ತೋರಿಸಬೇಕು ಅಂತ ದೇವರಾಜು ದಿನಾ ಪ್ರಾಣ ತಿನ್ನುತ್ತಾನೆ.

ಹೇಗೆ ಹೇಳಲಿ. ನಮ್ಮ ಡ್ರೈವರ್ ಈಶ್ವರಯ್ಯ ಒಂದು ದಿನ ಸುಮ್ಮನೆ ನಮ್ಮ ಮನೆ ಮುಂದೆ ವ್ಯಾನು ನಿಲ್ಲಿಸಿ ನಿನ್ನ ವ್ರತದ ವಿಷಯ ಹೇಳಿದನಂತೆ. ನೀನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಜನ ಇಳಿದು ಕೈ ಮುಗಿದರಂತೆ. ಹಾಸನಕ್ಕೆ ಬಂದ ಮೇಲೂ ಅದೇ ಮಾತು. ದೇವರಾಜು ಮಾರನೆಯ ದಿನವೇ ಕರಪತ್ರ ಅಚ್ಚು ಹಾಕಿಸಿದ: 'ಬೆಳಗೊಳದ ಬೆಟ್ಟ, ಒಂದೂವರೆ ಗಂಟೆ. ವ್ರತದಮ್ಮನ ಮನೆ ಮುಂದೆ, ಹತ್ತು ನಿಮಿಷ.'

ನಾನು ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನೀನು ಏನೂ ಮಾಡಬೇಕಾಗಿಲ್ಲ ಅಕ್ಕ. ಇದ್ದಲ್ಲಿ ಇದ್ದರೆ ಸಾಕು.

ಅಭಯ


ಶ್ರವಣಬೆಳಗೊಳ
೨೨ ಮೇ ೧೯೬೬

ಅಭಯ,

ನಿನ್ನ ಕಾಗದಕ್ಕೆ ಉತ್ತರವಾಗಿ ನಾಲ್ಕು ಕಾಗದ ಬರೆದು ನಾಲ್ಕನ್ನೂ ಒಲೆಗೆ ಹಾಕಿದೆ. ಅವುಗಳಲ್ಲಿದ್ದ ಬೈಗುಳ ನಿನಗೆ ಸೇರಿದೆ ಅಂತ ತಿಳಿದುಕೋ.

ಮೊದಲ ವಾರ ವ್ಯಾನಿನ ಹಾರನ್ನು ಕೇಳಿದರೆ ಹಿತ್ತಲಿಗೆ ಓಡುತ್ತಿದ್ದೆ. ಆಮೇಲೆ ಬಾಗಿಲ ಸಂದಿಯಿಂದ ನೋಡಿದೆ. ಆಮೇಲೆ ಜಗಲಿಗೆ ಬಂದೆ. ಈಗ ಏನು ಮಾಡುತ್ತೇನೆ ಹೇಳಲೇ? ಹನ್ನೆರಡಕ್ಕೆ ಮುಂಚೆ ಒಗೆದ ಬಿಳಿ ಸೀರೆ ಉಟ್ಟು ಕೂರುತ್ತೇನೆ. ಹದಿನಾರು ವರ್ಷ ಈ ಬೀದಿಯಲ್ಲಿ ನಾನು ಎದುರಿಗೆ ಬಂದರೆ ಮದುವೆಗೆ ಹೊರಟವರು ಅಪಶಕುನ ಅಂತ ನಿಂತುಬಿಡುತ್ತಿದ್ದರು. ಈಗ ಅದೇ ಬೀದಿಯಲ್ಲಿ ಗುರುತು ಪರಿಚಯ ಇಲ್ಲದವರು ಕಾಲು ಮುಟ್ಟುತ್ತಾರೆ. ಸುಳ್ಳು ಯಾಕೆ ಹೇಳಲಿ, ಹಿಡಿಸಿತು. ವ್ಯಾನು ತಡವಾದರೆ ಬೀದಿಯ ತುದಿ ನೋಡುತ್ತೇನೆ.

ಎದುರುಮನೆಯವರು ನನ್ನ ಹೆಸರಿನಲ್ಲಿ ಎಳನೀರು ಮಾರುತ್ತಿದ್ದಾರೆ. ಕೆಂಪಣ್ಣ ಜಟಕಾದ ಹಿಂದೆ 'ವ್ರತದಮ್ಮನ ಮನೆಗೆ' ಅಂತ ಬರೆಸಿಕೊಂಡಿದ್ದಾನೆ, ಬೆಟ್ಟದ ಬುಡದಿಂದ ಇಲ್ಲಿಗೆ ಸವಾರಿ ಸಿಗುತ್ತಿದೆಯಂತೆ. ನನ್ನ ಸುತ್ತ ಇಷ್ಟೊಂದು ಒಲೆ ಉರಿಯುತ್ತಿರುವಾಗ ಇನ್ನು ಎದ್ದು ಹೋಗುವುದೆಲ್ಲಿಗೆ?

ಒಂದು ಮಾತು ನಿನ್ನಲ್ಲೇ ಇರಲಿ. ಇವರು ಕೈ ಮುಗಿಯುವುದು ನನ್ನ ವೈರಾಗ್ಯಕ್ಕೆ. ನನಗೆ ವೈರಾಗ್ಯ ಇರಲಿಲ್ಲ. ಭಯ ಇತ್ತು.

ರಾಜೀಮತಿ


ಹಾಸನ
೯ ಜನವರಿ ೧೯೬೭

ಅಕ್ಕ,

ಅಭಿಷೇಕ ಹತ್ತಿರ ಬಂತು. ರೂಮುಗಳೆಲ್ಲ ಮುಂಗಡ ಹೋಗಿವೆ, ದೇವರಾಜು ಇನ್ನೆರಡು ವ್ಯಾನು ತಂದಿದ್ದಾನೆ. ಜನ ಜಾಸ್ತಿ ಆದರೆ ಜಗಲಿಗೆ ನುಗ್ಗುತ್ತಾರೆ ಅಂತ ಅವನಿಗೆ ಯೋಚನೆ. ಬಡಗಿ ಬೈರಯ್ಯನನ್ನು ಕಳಿಸುತ್ತಿದ್ದೇವೆ, ಜಗಲಿಗೆ ಸುತ್ತಲೂ ಕಟಕಟೆ ಹಾಕುತ್ತಾನೆ. ನಿನ್ನ ಪಾದದ ಹತ್ತಿರ ಮಾತ್ರ ಒಂದು ಗೇಣು ಜಾಗ ಬಿಡಲು ಹೇಳಿದ್ದೇನೆ. ಒಳ್ಳೆ ತೇಗ, ನಿನಗೆ ಒರಗಿಕೊಳ್ಳಲೂ ಆಗುತ್ತದೆ.

ಅನಂತಮ್ಮನಿಗೆ ಮಾರ್ಚಿನಲ್ಲಿ ಹೆರಿಗೆ. ಮೊದಲನೆಯದು, ಹೆದರಿದ್ದಾಳೆ. ನಿದ್ದೆಯಲ್ಲೂ "ಅಕ್ಕ ಬರ್ತಾರಾ?" ಅನ್ನುತ್ತಾಳೆ.

ಅಭಯ


ಶ್ರವಣಬೆಳಗೊಳ
೧೨ ಏಪ್ರಿಲ್ ೧೯೬೭

ಅಭಯ,

ಹೆಣ್ಣು ಮಗು ಆದ ಸುದ್ದಿ ಈಶ್ವರಯ್ಯ ಹೇಳಿದ. ಯಾರ ಹಾಗಿದೆ ಅಂದೆ. "ಗೊತ್ತಾಗ್ನಿಲ್ಲ ಅಮ್ಮಾವ್ರೇ, ಸುತ್ತಿ ಮಡಗಿದ್ರು" ಅಂದ. ಅಷ್ಟೇ ನನ್ನ ಪಾಲಿಗೆ. ಮೂವತ್ತು ಮೈಲಿ ಆಚೆ ನನ್ನ ತಮ್ಮನ ಮಗು ಇದೆ, ನಾನು ತೇಗದ ಕಟಕಟೆಯೊಳಗೆ ಕೂತಿದ್ದೇನೆ.

ಇದಕ್ಕಿಂತ ದೊಡ್ಡದೊಂದು ನಡೆದಿದೆ. ಬರೆಯದೆ ಇರಲಾರೆ.

ಅಭಿಷೇಕದ ಜನ ಕರಗಿದ ಮೇಲೆ, ಮೊನ್ನೆ ಭಾನುವಾರ, ನಿನ್ನ ವ್ಯಾನಿನಿಂದ ಹೊಳೆನರಸೀಪುರದ ಒಬ್ಬ ಗೌಡರ ಹೆಂಗಸು ಇಳಿದಳು. ಲಕ್ಕಮ್ಮ ಅಂತ. ಜೊತೆಗೆ ಅವಳ ಸೊಸೆ ರೇವಮ್ಮ, ಹತ್ತೊಂಬತ್ತು ವರ್ಷ, ಗಂಡ ತೀರಿಕೊಂಡು ಎಂಟು ತಿಂಗಳು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಾಳೆ. ಹಾಸನದಲ್ಲಿ ಗ್ರಾಮಸೇವಿಕೆ ತರಬೇತಿಗೆ ಅರ್ಜಿ ಹಾಕಿ, ಜೂನ್ ಒಂದಕ್ಕೆ ಬಾ ಅಂತ ಕಾಗದವೂ ಬಂದಿದೆ. ಇದನ್ನೆಲ್ಲ ಲಕ್ಕಮ್ಮ ಮೂವತ್ತು ಜನರ ಎದುರು ಗಟ್ಟಿಯಾಗಿ ಹೇಳಿದಳು.

"ನೋಡೇ ರೇವಿ, ಎಂಗ್ ಕುಂತವ್ರೆ ನೋಡು. ಊರೇ ದಾಟಾಕಿಲ್ವಂತೆ. ಎಣ್ಣು ಅಂದ್ರೆ ಇಂಗಿರ್ಬೇಕು. ನಮ್ಮನೇದು ಆಸನಕ್ಕೋಯ್ತೀನಿ ಅಂತ ಕುಣೀತದೆ."

ಆಮೇಲೆ ಹುಡುಗಿಯ ಕೈ ಹಿಡಿದು ಕಟಕಟೆಯ ಸಂದಿಯಲ್ಲಿ ತೂರಿಸಿ ನನ್ನ ಪಾದದ ಮೇಲೆ ಇಟ್ಟಳು.

"ಈ ಅಮ್ಮನ ಪಾದ ಮುಟ್ಟಿ ಯೋಳು. ಒಸಿಲು ದಾಟಾಕಿಲ್ಲ ಅಂತ ಯೋಳು."

ಹುಡುಗಿ ಹೇಳಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕೈ ತಣ್ಣಗಿತ್ತು. ನಾನು ಕಾಲು ಹಿಂದಕ್ಕೆ ಎಳೆದುಕೊಂಡಿದ್ದರೆ ಮುಗಿದಿತ್ತು ಅಭಯ. ಎಳೆದುಕೊಳ್ಳಲಿಲ್ಲ. ಮೂವತ್ತು ಜನ ನನ್ನ ಮುಖ ನೋಡುತ್ತಿದ್ದರು. ಅವತ್ತು ಮುನಿಗಳೆದುರು ಯಾವ ರೋಗ ನನ್ನ ನಾಲಿಗೆ ಹಿಡಿದಿತ್ತೋ ಅದೇ ಮೊನ್ನೆ ಕಾಲು ಹಿಡಿಯಿತು. ಹುಡುಗಿ ಅತ್ತೆ ಹೇಳಿಕೊಟ್ಟಂತೆ ಹೇಳಿದಳು. ಈಶ್ವರಯ್ಯ ಗಡಿಯಾರ ನೋಡಿ ಹಾರನ್ನು ಒತ್ತಿದ.

ನನ್ನ ಬಾಗಿಲು ನಾನು ಹಾಕಿಕೊಂಡೆ, ಅದು ನನ್ನ ಹಣೆಬರಹ. ಇನ್ನೊಬ್ಬಳ ಬಾಗಿಲಿಗೆ ಬೀಗವಾದೆನಲ್ಲ. ಆ ನಿಲುಗಡೆ ತೆಗೆಸು. ಕೈ ಮುಗಿದು ಕೇಳುತ್ತೇನೆ.

ರಾಜೀಮತಿ


ಹಾಸನ
೨೫ ಏಪ್ರಿಲ್ ೧೯೬೭

ಅಕ್ಕ,

ನಿನ್ನ ಕಾಗದ ಹಿಡಿದುಕೊಂಡೇ ದೇವರಾಜು ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಅವನೇ ಶುರು ಮಾಡಿದ. ಲಕ್ಕಮ್ಮ ಊರಿಗೆ ಹೋಗಿ ಸುದ್ದಿ ಹರಡಿದ್ದಾಳೆ. ಹೊಳೆನರಸೀಪುರ, ಅರಕಲಗೂಡಿನ ಕಡೆಯಿಂದ ಅತ್ತೆಯರು ಸೊಸೆಯರನ್ನು, ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತೇವೆ ಅನ್ನುತ್ತಿದ್ದಾರೆ. ಮೇ ಹದಿನಾಲ್ಕಕ್ಕೆ ಎರಡು ವ್ಯಾನು ಈಗಲೇ ಭರ್ತಿ. "ಬೆಂಗ್ಳೂರ್ನೋರ ಮೈಕು ಇದ್ರ ಮುಂದೆ ಯಾವ್ ಲೆಕ್ಕ ಕಣ್ಲಾ ಅಭಯ" ಅಂತ ಬೆನ್ನು ತಟ್ಟಿದ.

ನಾನು ನಿನ್ನ ಕಾಗದ ಜೇಬಿನಲ್ಲೇ ಇಟ್ಟುಕೊಂಡು ಬಂದೆ. ವ್ಯಾನಿನ ಮೇಲೆ ಹೆಸರು ನನ್ನದು, ಚಕ್ರ ಅವನದು. ನಿಲುಗಡೆ ತೆಗೆದರೆ ಅವನು ವ್ಯಾನು ತೆಗೆಯುತ್ತಾನೆ, ಆಮೇಲೆ ಎಂಟು ರೂಮಿಗೆ ಯಾರು ಬರುತ್ತಾರೆ? ಅತ್ತ ದರಿ, ಇತ್ತ ಪುಲಿ. ಈ ಮಳೆಗಾಲ ಕಳೆಯಲಿ. ನನಗೆ ನಾಚಿಕೆಯಾಗಿದೆ ಅಕ್ಕ. ಮಗುವಿಗೆ ನಿನ್ನ ಹೆಸರು ಇಡೋಣ ಅಂತ ಅನಂತಮ್ಮ ಹೇಳಿದಳು. ನನಗೆ ಹೂಂ ಅನ್ನುವ ಧೈರ್ಯ ಬರಲಿಲ್ಲ.

ಅಭಯ


ಹೊಳೆನರಸೀಪುರ
೧೦ ಮೇ ೧೯೬೭

ಅಭಯನಿಗೆ ಅಕ್ಕನ ಆಶೀರ್ವಾದ.

ಮೇಲಿನ ಊರಿನ ಹೆಸರು ಇನ್ನೊಂದು ಸಲ ಓದಿಕೋ. ಕೈ ತಪ್ಪಿ ಬರೆದದ್ದಲ್ಲ.

ಸೋಮವಾರ ಬೆಳಿಗ್ಗೆ ಮನೆಗೆ ಬೀಗ ಹಾಕಿ ಕೆಂಪಣ್ಣನ ಜಟಕಾ ಹತ್ತಿದೆ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅವನು ಕುದುರೆ ನಿಲ್ಲಿಸಿದ. ನಾನು ಇಳಿದು ಹೊಳೆನರಸೀಪುರದ ಬಸ್ಸಿನ ಕಡೆ ಹೊರಟಾಗ ಹಿಂದೆಯೇ ಓಡಿ ಬಂದ. "ಅವ್ವಾ, ಇಲ್ಲಿಗೆ ನಿಮ್ ಎಲ್ಲೆ ಮುಗೀತದಲ್ರವ್ವಾ!" ಎಂದ. ಮುಗಿಯಿತು ಕೆಂಪಣ್ಣ ಅಂದೆ. ಅವನು ಅಳುಮೋರೆ ಮಾಡಿಕೊಂಡು ನನ್ನ ಗಂಟು ಬಸ್ಸಿಗೆ ಏರಿಸಿದ. ಬಸ್ಸು ಊರು ದಾಟುವಾಗ ಕಣ್ಣು ಮುಚ್ಚಿ ಕೂತಿದ್ದೆ. ತೆರೆದಾಗ ಒಂದು ಹೊಲ, ಎರಡು ಎತ್ತು. ಬೇರೆ ಏನೂ ಆಗಿರಲಿಲ್ಲ. ಪಾಪ ಇಲ್ಲ ಅಂತ ಹೇಳುತ್ತಿಲ್ಲ. ಮುನಿಗಳು ಎಲ್ಲಿದ್ದರೂ ಹುಡುಕಿಕೊಂಡು ಹೋಗಿ, ಎಲ್ಲರೆದುರು ನನ್ನ ಭಯದ ಸಂಗತಿ ಹೇಳಿ, ಅವರು ಕೊಟ್ಟ ಪ್ರಾಯಶ್ಚಿತ್ತ ತೆಗೆದುಕೊಳ್ಳುತ್ತೇನೆ. ಅದಕ್ಕೂ ಮೊದಲು ಇಲ್ಲಿಯ ಕೆಲಸ.

ಲಕ್ಕಮ್ಮನ ಮನೆ ಬಾಗಿಲಲ್ಲಿ ನಿಂತು ಕೂಗಿ ಹೇಳಿದೆ. ನಾನು ವ್ರತ ಹಿಡಿದದ್ದು ಭಕ್ತಿಯಿಂದಲ್ಲ, ಹಾಸನಕ್ಕೆ ಹೋಗಲು ಹೆದರಿ; ಇವತ್ತು ಮುರಿದು ಬಂದಿದ್ದೇನೆ; ನಿನ್ನ ಸೊಸೆಯನ್ನು ಕಳಿಸಿಕೊಡು ಎಂದೆ. ಲಕ್ಕಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನೋಡಿದಳು. "ಅಯ್ ಶಿವನೇ, ಕೆಟ್ಟೋದ್ಯಲ್ಲವ್ವಾ" ಅಂದು ಒಳಗೆ ಹೋದಳು. ಅದು ನನಗೆ ತಾಗಲಿಲ್ಲ. ತಾಗಿದ್ದು ರೇವಮ್ಮನ ಮಾತು. ಹೊಸಿಲಿನ ಒಳಗೆ ನಿಂತು ಮೆಲ್ಲಗೆ ಹೇಳಿದಳು:

"ನಿಮ್ ವ್ರತ ನೀವ್ ಮುರುದ್ರಿ, ಅದು ನಿಮ್ದು. ನಾನು ಮಾತ್ ಕೊಟ್ಟಿದ್ದು ನಿಮ್ ಪಾದ ಮುಟ್ಟಿ. ಅವತ್ತು ಕಾಲು ಇಂದಕ್ ತಗತೀರೇನೋ ಅಂತ ಕಾದೆ ಕಣಮ್ಮಾ. ತಗನಿಲ್ಲ. ಈಗ ನಾ ಎಂಗ್ ಮುರೀಲಿ?"

ತಪ್ಪಾಯಿತು ಮಗಳೇ ಅಂದೆ. ಅವಳು ಬಾಗಿಲು ಮುಂದೆ ಮಾಡಿಕೊಂಡಳು.

ಎದುರುಮನೆಯ ದೊಡ್ಡತಾಯಮ್ಮ ಪುಣ್ಯಾತ್ಗಿತ್ತಿ, ಇರಲು ಜಾಗ ಕೊಟ್ಟಿದ್ದಾಳೆ. ಹಗಲೆಲ್ಲ ಲಕ್ಕಮ್ಮನ ಮನೆಯ ಜಗಲಿಯ ಕೆಳಗೆ ಕೂರುತ್ತೇನೆ. ಇದು ವ್ರತವಲ್ಲ, ಯಾರ ಎದುರಿಗೂ ಹೇಳಿ ಹಿಡಿದದ್ದಲ್ಲ. ಬೇಕಾದಾಗ ಎದ್ದು ಹೋಗಬಹುದು, ಅದಕ್ಕೇ ಕೂತಿದ್ದೇನೆ. ಹದಿನಾಲ್ಕನೆಯ ತಾರೀಖಿನ ಎರಡು ವ್ಯಾನಿನವರಿಗೆ ವ್ರತದಮ್ಮ ಇಲ್ಲ ಅಂತ ನೀನೇ ಹೇಳು. ಯಾಕೆ ಇಲ್ಲ ಅನ್ನುವುದನ್ನೂ ಹೇಳು. ಮಗುವಿಗೆ ನನ್ನ ಹೆಸರು ಬೇಡ.

ನಿನ್ನೆ ಸಾಯಂಕಾಲ ಲಕ್ಕಮ್ಮ ಹಿತ್ತಲಿಗೆ ಹೋದಾಗ ಬಾಗಿಲು ತೆರೆಯಿತು. "ಊಟ ಆಯ್ತಾ?" ಅಂದಳು ರೇವಮ್ಮ. ಇಲ್ಲ ಅಂದೆ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ ಅಂತ ಯಾರೋ ಹೇಳಿರಬೇಕು, ಆಕಾಶ ನೋಡಿ ಅವಸರದಲ್ಲಿ ಒಳಗೆ ಹೋಗಿ ಎರಡು ಬಾಳೆಹಣ್ಣು ತಂದಳು. ಹೊಸಿಲಿನ ಒಳಗಿನಿಂದಲೇ ಕೈ ಚಾಚಿದಳು. ನಿಲುಕಲಿಲ್ಲ. ನಮ್ಮಿಬ್ಬರ ನಡುವೆ ಒಂದು ಹೊಸಿಲು, ಮೂರು ಹೆಜ್ಜೆ. ನಾನು ಎದ್ದು ಹೋಗಿ ತೆಗೆದುಕೊಳ್ಳಬಹುದಿತ್ತು. ಏಳಲಿಲ್ಲ. ನಾನೂ ಕೈ ಚಾಚಿಕೊಂಡು ಕೂತೆ. ಅವಳ ಒಂದು ಕಾಲಿನ ಬೆರಳು ಹೊಸಿಲಿನ ಮೇಲೆ ಬಂತು, ನಿಂತಿತು. ಹಾಗೇ ಹೊತ್ತು ಮುಳುಗಿತು. ಹಣ್ಣು ಹಿಡಿದುಕೊಂಡೇ ಅಳುತ್ತಾ ಒಳಗೆ ಹೋದಳು. ನಾನು ಉಪವಾಸ ಮಲಗಿದೆ.

ಜೂನ್ ಒಂದಕ್ಕೆ ಇನ್ನು ಇಪ್ಪತ್ತೆರಡು ದಿನ ಇದೆ. ಇವತ್ತೂ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಬಿಸಿಲು ಗೋಡೆ ಏರುತ್ತಿದೆ. ಒಳಗೆ ಅವಳ ಹೆಜ್ಜೆಯ ಸದ್ದಿಲ್ಲ, ಆದರೆ ಬಾಗಿಲ ಹಿಂದೆ ಅವಳು ನಿಂತಿರುವುದು ನನಗೆ ಗೊತ್ತು.

ಅಕ್ಕ
ರಾಜೀಮತಿ